ಸರ್ಪಗಂಧಿಯ ಹೊಸ ಪರೀಕ್ಷೆ

ನಮ್ಮ ಪಶ್ಚಿಮ ಘಟ್ಟಗಳ ತೇವವಾದ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳನ್ನು ಆಶ್ರಯಿಸಿ, ಮೊಳಕಾಲೆತ್ತರದ ಒಂದು ಗಿಡ ಬೆಳೆಯುತ್ತದೆ. ಕಾಂಡದ ಒಂದೊಂದು ಗೆಣ್ಣಿನಲ್ಲಿ ಮೂರು ನಾಲ್ಕು ಎಲೆಗಳು ಸುತ್ತುಗಟ್ಟಿಕೊಂಡಿರುವುವು. ಕೆಂಪು ತೊಟ್ಟಿನ ಬಿಳಿಯ ಹೂಗಳು ಗೊಂಚಲಾಗಿ ಬಿಡುವುವು. ಹಣ್ಣು ಮಾಗಿದಾಗ ಕಪ್ಪಾಗುವುದು. ಇದೇ ಸರ್ಪಗಂಧಿ. ಕೆಲವೆಡೆ ಇದನ್ನು ಸೂತ್ರನಾಭಿಯೆಂದೂ ಪಾತಾಳಗಂಧಿಯೆಂದೂ ಕರೆಯುವುದುಂಟು. ಹಾವಿನ ಕಡಿತಕ್ಕೂ ಚಿತ್ತಭ್ರಮೆಗೂ ಇದರ ಬೇರನ್ನು ತೇಯ್ದು ಕೊಡುವ ರೂಢಿ ಭಾರತದಲ್ಲಿ ಬಹುಕಾಲದಿಂದ ಇತ್ತು. ಉತ್ತರ ಭಾರತದ ಹಳ್ಳಿಗಳಲ್ಲಿ ಇದಕ್ಕೆ ‘ಹುಚ್ಚಿನ ಮದ್ದು’ ಎಂಬರ್ಥದ ಹೆಸರೇ ಇದೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ಬೇರಿನಿಂದ ದೊರೆತ ರಿಸರ್ಪೀನ್ ಎಂಬ ವಸ್ತು ಏರಿದ ರಕ್ತದ ಒತ್ತಡವನ್ನು ಇಳಿಸುವ ಔಷಧವಾಗಿ ಜಗತ್ತಿನಲ್ಲೆಲ್ಲ ಹೆಸರು ಪಡೆಯಿತು. ಮುಂದೆ ಹೆಚ್ಚು ಅನುಕೂಲವಾದ ಔಷಧಗಳು ಬಂದುವು. ರಿಸರ್ಪೀನ್ ಹಿಂದೆ ಸರಿಯಿತು. ಹೀಗೆ ಮೂಲೆಗೆ ಸರಿದಿದ್ದ ಔಷಧದ ಹೆಸರು 2019ರಲ್ಲಿ ಮತ್ತೆ ಕೇಳಿಬಂದಿತು. ಈ ಸಾರಿ ಅದರ ಹೆಸರಿನ ಜೊತೆಗೆ ಸೇರಿಕೊಂಡದ್ದು ರಕ್ತದ ಒತ್ತಡವಲ್ಲ, ಚರ್ಮದ ಕ್ಯಾನ್ಸರ್.

ನಮ್ಮ ನೆರೆಯವರೊಬ್ಬರು ಒಂದು ಸಂಜೆ ಪತ್ರಿಕೆಯ ತುಣುಕೊಂದನ್ನು ಹಿಡಿದು ಮನೆಗೆ ಬಂದರು. ಅವರ ಅಣ್ಣನವರಿಗೆ ಅಂಗಾಲಿನಲ್ಲಿ ಕಪ್ಪು ಗಂತಿಯೊಂದು ಎದ್ದು, ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿತ್ತು. “ಮೇಷ್ಟ್ರೇ, ಸರ್ಪಗಂಧಿಯ ಔಷಧದಿಂದ ಈ ರೋಗ ಹರಡುವುದು ನಿಲ್ಲುತ್ತದಂತೆ. ಗ್ರಂದಿಗೆ ಅಂಗಡಿಯಿಂದ ಬೇರಿನ ಪುಡಿ ತರಿಸಿ ಅಣ್ಣನಿಗೆ ಕೊಡಲೇ?” ಎಂದು ಕೇಳಿದರು. ನಾವು ಭೌತವಿಜ್ಞಾನವನ್ನು ಪಾಠ ಹೇಳುವವರು, ವೈದ್ಯರಲ್ಲ. ಆದರೆ ಸುದ್ದಿಯ ಹಿಂದೆ ಇರುವ ಪ್ರಯೋಗ ಯಾವುದು, ಅದರಿಂದ ಸಿದ್ಧವಾದದ್ದೆಷ್ಟು, ಆಗದೆ ಉಳಿದದ್ದೆಷ್ಟು ಎಂಬುದನ್ನು ಓದಿ ತಿಳಿದು ಹೇಳುವೆವೆಂದು ಒಪ್ಪಿಕೊಂಡೆವು. ಅವರಿಗೆ ಹೇಳಿದುದನ್ನೇ ವಾಚಕರ ಮುಂದೆ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಇಡುತ್ತಿದ್ದೇವೆ.

ಬೇರಿನಿಂದ ಗುಳಿಗೆಗೆ

ಸರ್ಪಗಂಧಿಯ ಸಸ್ಯಶಾಸ್ತ್ರೀಯ ಹೆಸರು ರೌವೊಲ್ಫಿಯ ಸರ್ಪೆಂಟಿನ. ಹದಿನಾರನೆಯ ಶತಮಾನದಲ್ಲಿ ಪೂರ್ವದೇಶಗಳಲ್ಲಿ ಸಂಚರಿಸಿ ಗಿಡಮೂಲಿಕೆಗಳನ್ನು ಕುರಿತು ಬರೆದ ಜರ್ಮನಿಯ ವೈದ್ಯ ಲಿಯೊನ್‌ಹಾರ್ಟ್ ರೌವೊಲ್ಫನ ನೆನಪಿಗೆ ಈ ಹೆಸರು ಬಂದಿದೆ. ಕಣಗಿಲೆಯೂ ಕಾಶಿಕಣಗಿಲೆಯೂ ಇದೇ ಸಸ್ಯಕುಟುಂಬಕ್ಕೆ ಸೇರಿದವು.

ಬೇರಿನ ಸಾರವನ್ನು ರಸಾಯನಶಾಲೆಯಲ್ಲಿ ಬೇರ್ಪಡಿಸುವ ಕೆಲಸ ಮೊದಲು ನಡೆದುದು ಭಾರತದಲ್ಲಿಯೇ. 1931ರಲ್ಲಿ ದೆಹಲಿಯ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಅವರು ಈ ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರೆಮಾಡಿ, ಅವುಗಳಲ್ಲಿ ಒಂದಕ್ಕೆ ಹಕೀಂ ಅಜ್ಮಲ್ ಖಾನರ ಸ್ಮರಣಾರ್ಥವಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸರು ಈ ಬೇರು ಚಿತ್ತವಿಕಾರವನ್ನು ಶಮನಗೊಳಿಸುವುದಲ್ಲದೆ ರಕ್ತದ ಒತ್ತಡವನ್ನೂ ಇಳಿಸುವುದೆಂದು ಬರೆದರು. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು 1949ರಲ್ಲಿ, ಐವತ್ತು ಮಂದಿ ರೋಗಿಗಳಿಗೆ ಸರ್ಪಗಂಧಿಯನ್ನು ಕೊಟ್ಟು ಕಂಡ ಫಲವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಪಾಶ್ಚಾತ್ಯ ವೈದ್ಯರ ದೃಷ್ಟಿ ಇತ್ತ ತಿರುಗಿತು. 1957ರಲ್ಲಿ ಅವರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಬೇರಿನಲ್ಲಿರುವ ಹತ್ತಾರು ಆಲ್ಕಲಾಯ್ಡುಗಳಲ್ಲಿ ಈ ಗುಣಕ್ಕೆ ಮುಖ್ಯ ಕಾರಣವಾದುದು ಯಾವುದು? 1952ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಸೀಬಾ ಸಂಸ್ಥೆಯ ಮ್ಯೂಲರ್, ಶ್ಲಿಟ್ಲರ್ ಮತ್ತು ಬೈನ್ ಎಂಬವರು ಅದನ್ನು ಶುದ್ಧರೂಪದಲ್ಲಿ ಪಡೆದು ರಿಸರ್ಪೀನ್ ಎಂದು ಕರೆದರು. 1956ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ವುಡ್‌ವರ್ಡ್ ಅದನ್ನು ಗಿಡದ ಸಹಾಯವಿಲ್ಲದೆ ಪ್ರಯೋಗಶಾಲೆಯಲ್ಲೇ ರಚಿಸಿ ತೋರಿಸಿದನು. ಇದರ ಪ್ರಮಾಣ ಎಷ್ಟು ಅಲ್ಪವೆಂದರೆ, ರಕ್ತದ ಒತ್ತಡಕ್ಕಾಗಿ ದಿನವೊಂದಕ್ಕೆ ಕೊಡುವುದು ಸಾಮಾನ್ಯವಾಗಿ ಕಾಲು ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಒಂದು ಗ್ರಾಂ ರಿಸರ್ಪೀನ್ ಒಬ್ಬ ರೋಗಿಗೆ ನಾಲ್ಕು ಸಾವಿರ ದಿನ, ಎಂದರೆ ಹೆಚ್ಚುಕಡಮೆ ಹನ್ನೊಂದು ವರ್ಷ ಸಾಕಾಗುವುದು. ಹೀಗೆ ಕಣದಷ್ಟರಿಂದಲೇ ದೇಹವನ್ನು ಅಲುಗಿಸುವ ವಸ್ತುವನ್ನು ಚಮಚದ ಲೆಕ್ಕದಲ್ಲಿ ಪುಡಿಮಾಡಿ ಕುಡಿಯುವುದೆಂದರೆ ಏನೆಂಬುದನ್ನು ವಾಚಕರು ಈಗಲೇ ಊಹಿಸಬಹುದು.

ಒತ್ತಡ ಇಳಿಯುವ ಬಗೆ

ರಕ್ತದ ಒತ್ತಡವನ್ನು ವೈದ್ಯರು ಪಾದರಸದ ಮಿಲಿಮೀಟರುಗಳಲ್ಲಿ ಹೇಳುವ ರೂಢಿಯುಂಟಷ್ಟೆ. 120 ಮಿಲಿಮೀಟರ್ ಎಂದರೆ, ಹೃದಯ ಸಂಕೋಚಗೊಂಡಾಗ ರಕ್ತದ ನೂಕು ಅಷ್ಟು ಎತ್ತರದ ಪಾದರಸದ ಕಂಬವನ್ನು ಎತ್ತಿಹಿಡಿಯಬಲ್ಲುದು ಎಂದರ್ಥ. ಪಾದರಸ ನೀರಿಗಿಂತ 13.6ರಷ್ಟು ಭಾರವಾದುದರಿಂದ, ಅದೇ ನೂಕು ರಕ್ತದ ಕಂಬವನ್ನಾದರೆ ಸುಮಾರು ಒಂದೂವರೆ ಮೀಟರು ಎತ್ತುವುದು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆಯನ್ನು ಜೋಡಿಸಿ, ರಕ್ತ ಎಂಟು ಅಡಿಗೂ ಮಿಗಿಲಾಗಿ ಏರಿದುದನ್ನು ಕಂಡು 1733ರಲ್ಲಿ ಪ್ರಕಟಿಸಿದನು.

ಈ ಒತ್ತಡವನ್ನು ಏರಿಸುವುದರಲ್ಲಿ ಕಿರಿಯ ರಕ್ತನಾಳಗಳ ಪಾತ್ರ ದೊಡ್ಡದು. ಕೊಳವೆಯಲ್ಲಿ ಹರಿಯುವ ದ್ರವದ ಪ್ರವಾಹ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ತ್ರಿಜ್ಯ ಆರರಲ್ಲಿ ಒಂದು ಭಾಗ ಕುಗ್ಗಿದರೂ ಸಾಕು, ಅದೇ ಒತ್ತಡದಲ್ಲಿ ಹರಿಯುವ ದ್ರವ ಅರ್ಧಕ್ಕಿಂತ ಕಡಿಮೆಯಾಗುವುದು. ಆದ್ದರಿಂದ ಕಿರುನಾಳಗಳು ಕೊಂಚವೇ ಬಿಗಿದುಕೊಂಡರೂ ಹೃದಯ ಬಹಳ ಹೆಚ್ಚಾಗಿ ನೂಕಬೇಕಾಗುವುದು. ಅವುಗಳನ್ನು ಬಿಗಿಯುವಂತೆ ಆಜ್ಞೆ ಕೊಡುವುದು ಅವುಗಳ ಸುತ್ತ ಹಬ್ಬಿರುವ ನರಗಳು. ನರದ ತುದಿಯಲ್ಲಿ ಅತಿ ಸೂಕ್ಷ್ಮವಾದ ಚೀಲಗಳಿದ್ದು, ಅವುಗಳೊಳಗೆ ನಾರ್‌ಅಡ್ರಿನಲಿನ್ ಎಂಬ ವಸ್ತು ತುಂಬಿರುವುದು. ಆಜ್ಞೆ ಬಂದಾಗ ಚೀಲ ಒಡೆದು ಈ ವಸ್ತು ಹೊರಬಿದ್ದು ನಾಳವನ್ನು ಬಿಗಿಯುತ್ತದೆ. ರಿಸರ್ಪೀನ್ ಮಾಡುವ ಕೆಲಸವೆಂದರೆ, ಚೀಲಕ್ಕೆ ವಸ್ತುವನ್ನು ತುಂಬುವ ಪಂಪನ್ನು ಕೆಡಿಸಿಬಿಡುವುದು. ಚೀಲಗಳು ಬರಿದಾಗುತ್ತವೆ; ಆಜ್ಞೆ ಬಂದರೂ ಹೊರಹೊಮ್ಮಲು ಏನೂ ಇರುವುದಿಲ್ಲ; ನಾಳಗಳು ಸಡಿಲವಾಗಿ ಒತ್ತಡ ಇಳಿಯುತ್ತದೆ.

ಆದರೆ ಅಂಥ ಚೀಲಗಳು ಮೆದುಳಿನಲ್ಲಿಯೂ ಉಂಟು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1950ರ ದಶಕದಲ್ಲಿ ಮೊಲಗಳಿಗೆ ರಿಸರ್ಪೀನ್ ಕೊಟ್ಟಾಗ ಅವು ಅಲ್ಲಾಡದೆ ಬಿದ್ದುಕೊಂಡುವು. ಡೋಪ ಎಂಬ ವಸ್ತುವನ್ನು ಚುಚ್ಚಿದೊಡನೆ ಮತ್ತೆ ಎದ್ದು ಓಡಾಡಿದುವು. ಮೆದುಳಿನಲ್ಲಿ ಡೋಪಮೀನ್ ವಹಿಸುವ ಪಾತ್ರ ಹೊರಬಿದ್ದುದು ಈ ದಾರಿಯಲ್ಲಿ. ಅದಕ್ಕಾಗಿ ಕಾರ್ಲ್‌ಸನ್ನನಿಗೆ 2000ದಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ವಿಜ್ಞಾನಕ್ಕೆ ಇದು ಲಾಭವೇ ಆದರೂ ರೋಗಿಗೆ ಹಾಗಲ್ಲ. ಮೂಗು ಕಟ್ಟುವುದು, ತೂಕಡಿಕೆ, ನಾಡಿ ನಿಧಾನವಾಗುವುದು, ಹೊಟ್ಟೆಯ ಹುಣ್ಣು ಉಲ್ಬಣಿಸುವುದು, ಕೆಲವರಲ್ಲಿ ಮನಸ್ಸು ಕುಗ್ಗುವುದು ಮೊದಲಾದ ತೊಂದರೆಗಳು ವರದಿಯಾದುವು. ಔಷಧವನ್ನು ನಿಲ್ಲಿಸಿದ ಮೇಲೂ ಅದರ ಪರಿಣಾಮ ದಿನಗಟ್ಟಲೆ ಉಳಿಯುವುದು. ರಿಸರ್ಪೀನ್ ಹಿಂದೆ ಸರಿಯಲು ಕಾರಣ ಇವೇ.

ಕರಿಯ ಗಂತಿ

ಈಗ ಕಥೆಯ ಎರಡನೆಯ ಎಳೆಗೆ ಬರೋಣ. ಚರ್ಮದಲ್ಲಿ ಬಣ್ಣವನ್ನು ತಯಾರಿಸುವ ಜೀವಕೋಶಗಳಿವೆ. ಅವು ತಯಾರಿಸುವ ಬಣ್ಣವೇ ಮೆಲನಿನ್. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ಇದು ಹೀರಿಕೊಂಡು ಒಳಗಿನ ಜೀವಕೋಶಗಳಿಗೆ ಕೊಡೆ ಹಿಡಿಯುವುದು. ಕಣ್ಣಿಗೆ ಕಾಣುವ ಹಸಿರು ಬೆಳಕಿನ ಒಂದು ಕಣದ ಶಕ್ತಿ ಸುಮಾರು ಎರಡೂಕಾಲು ಎಲೆಕ್ಟ್ರಾನ್ ವೋಲ್ಟ್. 300 ನ್ಯಾನೋಮೀಟರ್ ತರಂಗದೂರದ ಅತಿನೇರಳೆ ಕಣದ ಶಕ್ತಿ ನಾಲ್ಕಕ್ಕೂ ಮಿಗಿಲು. ಜೀವಕೋಶದ ಆನುವಂಶಿಕ ಬರಹವಾದ ಡಿ.ಎನ್.ಎ. ಎಳೆಯಲ್ಲಿ ಪಕ್ಕಪಕ್ಕದ ಅಕ್ಷರಗಳನ್ನು ತಪ್ಪಾಗಿ ಬೆಸೆದುಬಿಡಲು ಈ ಶಕ್ತಿ ಸಾಕು. ಇಂಥ ತಪ್ಪುಗಳಲ್ಲಿ ಹೆಚ್ಚಿನವನ್ನು ಜೀವಕೋಶವೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದವು ವರ್ಷಗಟ್ಟಲೆ ಕೂಡಿಬಂದು, ಬಣ್ಣದ ಜೀವಕೋಶವೊಂದು ಅಂಕೆ ತಪ್ಪಿ ಬೆಳೆಯತೊಡಗಿದರೆ ಅದೇ ಮೆಲನೋಮ. ಚರ್ಮದ ಕ್ಯಾನ್ಸರುಗಳಲ್ಲಿ ಇದು ವಿರಳವಾದುದು, ಆದರೆ ಅತ್ಯಂತ ಘಾತುಕವಾದುದು.

ಬಿಳಿಯ ಚರ್ಮದವರಲ್ಲಿ ಈ ರೋಗ ಹೆಚ್ಚು. ನಮ್ಮಂಥ ಕಂದುಬಣ್ಣದ ಜನರಲ್ಲಿ ಬಹಳ ಕಡಿಮೆ. ಆದರೆ ನಮ್ಮಲ್ಲಿ ಬಂದಾಗ ಅದು ಬಿಸಿಲಿಗೆ ಒಡ್ಡಿದ ಭಾಗದಲ್ಲಿ ಬಾರದೆ ಅನೇಕ ವೇಳೆ ಅಂಗಾಲು, ಅಂಗೈ, ಉಗುರಿನ ಅಡಿ ಇಂಥ ಕಡೆಗಳಲ್ಲಿ ತಲೆದೋರುವುದು. ಅಂಗಾಲನ್ನು ದಿನವೂ ನೋಡಿಕೊಳ್ಳುವವರು ಯಾರು? ನಮ್ಮ ನೆರೆಯವರ ಅಣ್ಣನವರು ತಮ್ಮ ಗಂತಿಯನ್ನು ಮುಳ್ಳು ಚುಚ್ಚಿದ ಕಲೆಯೆಂದು ತಿಳಿದು ಒಂದು ವರ್ಷ ಸುಮ್ಮನಿದ್ದರಂತೆ.

ಹುಟ್ಟಿದ ಜಾಗದಲ್ಲೇ ಇರುವ ಮೆಲನೋಮವನ್ನು ಕತ್ತರಿಸಿ ತೆಗೆಯಬಹುದು. ಅದರ ಜೀವಕೋಶಗಳು ಕಳಚಿಕೊಂಡು, ರಕ್ತದಲ್ಲಿ ತೇಲಿ, ಶ್ವಾಸಕೋಶಕ್ಕೋ ಪಿತ್ತಕೋಶದ ಪಕ್ಕದ ಯಕೃತ್ತಿಗೋ ಮೆದುಳಿಗೋ ಸೇರಿ ಅಲ್ಲಿ ಬೇರೂರಿದಾಗಲೇ ರೋಗ ಕೈಮೀರುವುದು. ಆದರೆ ಕಳಚಿಕೊಂಡ ಜೀವಕೋಶ ಬಿದ್ದಲ್ಲೆಲ್ಲ ಬೆಳೆಯುವುದಿಲ್ಲ. 1889ರಷ್ಟು ಹಿಂದೆಯೇ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ ಸ್ತನದ ಕ್ಯಾನ್ಸರಿನಿಂದ ಸತ್ತ ಏಳುನೂರಕ್ಕೂ ಹೆಚ್ಚು ಮಂದಿಯ ಶವಪರೀಕ್ಷೆಯ ದಾಖಲೆಗಳನ್ನು ನೋಡಿ, ರೋಗ ಕೆಲವು ಅಂಗಗಳನ್ನೇ ಆರಿಸಿಕೊಳ್ಳುವುದನ್ನು ಕಂಡನು. ಗಿಡದ ಬೀಜಗಳು ಎಲ್ಲ ದಿಕ್ಕಿಗೂ ಹಾರಬಹುದು, ಮೊಳೆಯುವುದು ಮಾತ್ರ ಒಪ್ಪುವ ನೆಲದಲ್ಲಿ ಎಂಬುದು ಅವನ ವಾದದ ಸಾರ.

ನೆಲವನ್ನು ಹದಮಾಡುವ ಚೀಲಗಳು

ಪೇಜೆಟ್ಟನ ವಾದಕ್ಕೆ ನೂರು ವರ್ಷಗಳ ಮೇಲೆ ಹೊಸ ಅರ್ಥ ಬಂದಿತು. ಬೀಜ ಒಪ್ಪುವ ನೆಲವನ್ನು ಹುಡುಕುವುದಷ್ಟೇ ಅಲ್ಲ, ತಾನು ಹೋಗುವ ಮೊದಲೇ ನೆಲವನ್ನು ಹದಮಾಡಲು ಆಳುಗಳನ್ನು ಕಳುಹಿಸುತ್ತದೆ ಎಂದು ತಿಳಿದುಬಂದಿತು!

ಈ ಆಳುಗಳು ಯಾರು? ಜೀವಕೋಶಗಳು ತಮ್ಮ ಮೈಯಿಂದ ಅತಿ ಸೂಕ್ಷ್ಮ ಚೀಲಗಳನ್ನು ಹೊರಕ್ಕೆ ಬಿಡುತ್ತಿರುವುವು. 1983ರ ಸುಮಾರಿಗೆ ಎಳೆಯ ಕೆಂಪು ರಕ್ತಕಣಗಳಲ್ಲಿ ಇದನ್ನು ಕಂಡಾಗ, ಜೀವಕೋಶ ತನಗೆ ಬೇಡವಾದುದನ್ನು ಕಟ್ಟಿ ಎಸೆಯುವ ಕಸದ ಪೊಟ್ಟಣಗಳು ಇವೆಂದು ಭಾವಿಸಿದ್ದರು. ಇವುಗಳಲ್ಲಿ ಅನೇಕದರ ಅಡ್ಡಳತೆ 30ರಿಂದ 150 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರವೇ 400ರಿಂದ 700 ನ್ಯಾನೋಮೀಟರ್ ಆದುದರಿಂದ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇವುಗಳ ಆಕಾರ ಸ್ಫುಟವಾಗಿ ಕಾಣಲಾರದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಮುಂದಿನ ಸಂಶೋಧನೆಯಲ್ಲಿ ಇವು ಕಸವಲ್ಲ, ಕಾಗದಗಳೆಂದು ಗೊತ್ತಾಯಿತು: ಒಂದು ಜೀವಕೋಶ ಕಳುಹಿಸಿದ ಚೀಲವನ್ನು ಇನ್ನೊಂದು ತೆರೆದು, ಒಳಗಿರುವ ಪ್ರೋಟೀನು ಮತ್ತು ಆರ್.ಎನ್.ಎ.ಗಳಿಗೆ ಅನುಸಾರವಾಗಿ ತನ್ನ ನಡತೆಯನ್ನು ಬದಲಿಸಿಕೊಳ್ಳಬಲ್ಲುದು.

ಕ್ಯಾನ್ಸರ್ ಈ ಅಂಚೆಯನ್ನು ದುರುಪಯೋಗಪಡಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಡೇವಿಡ್ ಲೈಡನ್ ಮತ್ತು ಸಂಗಡಿಗರು 2012ರಲ್ಲಿ, ಮೆಲನೋಮದಿಂದ ಹೊರಟ ಚೀಲಗಳು ಇಲಿಯ ಅಸ್ಥಿಮಜ್ಜೆಯ ಜೀವಕೋಶಗಳಿಗೆ ‘ಪಾಠ ಹೇಳಿ’, ರೋಗ ಹರಡಲು ಅವು ನೆರವಾಗುವಂತೆ ಮಾಡುವುದನ್ನು ತೋರಿಸಿದರು. ಹಾಗಾದರೆ ಈ ಕಾಗದಗಳು ತಲುಪದಂತೆ ತಡೆದರೆ ರೋಗ ಹರಡುವುದೂ ತಗ್ಗುವುದೆ?

ಬಾಗಿಲಿನ ಬೀಗ

ಈ ಪ್ರಶ್ನೆಯನ್ನು ಹಿಡಿದು ಹೊರಟವರು ಅಮೆರಿಕದ ಫಿಲಡೆಲ್ಫಿಯ ನಗರದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಪಶುವೈದ್ಯ ಶಾಲೆಯ ಸರ್ಜ್ ಫುಕ್ಸ್, ಆಂಜೆಲಿಕ ಓರ್ಟಿಜ್ ಮತ್ತು ಅವರ ಸಂಗಡಿಗರು. ಅವರ ಲೇಖನ 2019ರ ಜನವರಿಯಲ್ಲಿ ಪ್ರಕಟವಾಯಿತು. ಅವರ ವಿಚಾರಸರಣಿ ಬಹಳ ಸ್ವಾರಸ್ಯವಾದುದು.

ಒಂದು ಸೂಕ್ಷ್ಮ ಚೀಲ ಜೀವಕೋಶದ ಪೊರೆಯನ್ನು ದಾಟಿ ಒಳಹೊಗುವುದು ವೈರಸ್ ಒಳಹೊಗುವುದನ್ನು ಬಹುಮಟ್ಟಿಗೆ ಹೋಲುತ್ತದೆ. ವೈರಸ್ಸಿನ ವಿರುದ್ಧ ನಮ್ಮ ಜೀವಕೋಶಗಳಿಗೆ ಒಂದು ಸಹಜ ರಕ್ಷಣೆಯಿದೆ. ಅದೇ 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದ ಇಂಟರ್‌ಫೆರಾನ್. ವೈರಸ್ ತಗಲಿದ ಜೀವಕೋಶ ಇಂಟರ್‌ಫೆರಾನನ್ನು ಹೊರಸೂಸಿ ನೆರೆಹೊರೆಯನ್ನು ಎಚ್ಚರಿಸುವುದು. ಎಚ್ಚರಗೊಂಡ ಜೀವಕೋಶ ನೂರಾರು ಬಗೆಯ ಸಿದ್ಧತೆಗಳನ್ನು ಮಾಡಿಕೊಳ್ಳುವುದು. ಈ ಸಿದ್ಧತೆಗಳಲ್ಲಿ ಒಂದು, ಕೊಲೆಸ್ಟರಾಲಿಗೆ ಆಕ್ಸಿಜನ್ನಿನ ಒಂದು ಪರಮಾಣುವನ್ನು ಸೇರಿಸಿ ಬೇರೊಂದು ವಸ್ತುವನ್ನಾಗಿ ಮಾರ್ಪಡಿಸುವ ಎನ್‌ಜೈಮನ್ನು ತಯಾರಿಸುವುದು. ಹೀಗೆ ಮಾರ್ಪಟ್ಟ ಕೊಲೆಸ್ಟರಾಲು ಅನೇಕ ವೈರಸುಗಳ ಪ್ರವೇಶಕ್ಕೆ ಅಡ್ಡಿಯಾಗುವುದೆಂದು ಮೊದಲೇ ತಿಳಿದಿತ್ತು. ಅದನ್ನು ಬಾಗಿಲಿನ ಬೀಗವೆಂದು ಕರೆಯೋಣ. ವೈರಸ್ಸನ್ನು ತಡೆಯುವ ಬೀಗ ಕ್ಯಾನ್ಸರಿನ ಚೀಲವನ್ನೂ ತಡೆಯಬೇಕಲ್ಲವೆ?

ತಡೆಯುತ್ತದೆ ಎಂದೇ ಪ್ರಯೋಗ ಹೇಳಿತು. ಮಾರ್ಪಟ್ಟ ಕೊಲೆಸ್ಟರಾಲು ಇದ್ದೆಡೆ ಆರೋಗ್ಯವಂತ ಜೀವಕೋಶಗಳು ಮೆಲನೋಮದ ಚೀಲಗಳನ್ನು ಕಡಿಮೆಯಾಗಿ ಒಳಗೊಂಡುವು. ಆದರೆ ಮೆಲನೋಮ ಇದಕ್ಕೆ ಪ್ರತಿತಂತ್ರವನ್ನು ಹೂಡಿತ್ತು. ಅದರ ಚೀಲಗಳು ಆರೋಗ್ಯವಂತ ಜೀವಕೋಶದ ಮೇಲೆ ಇಂಟರ್‌ಫೆರಾನನ್ನು ಗುರುತಿಸುವ ಗ್ರಾಹಕವನ್ನೇ ತಗ್ಗಿಸಿಬಿಡುವುವು. ಎಚ್ಚರಿಕೆಯ ಕೂಗು ಕೇಳಿಸದಾಗ ಬೀಗವೂ ತಯಾರಾಗದು. ಬಾಗಿಲು ತೆರೆದುಕೊಂಡು ಮತ್ತಷ್ಟು ಚೀಲಗಳು ಒಳನುಗ್ಗುವುವು. ಗ್ರಾಹಕ ತಗ್ಗದಂತೆ ಆನುವಂಶಿಕವಾಗಿ ಮಾರ್ಪಡಿಸಿದ ಇಲಿಗಳಲ್ಲಿ ಮೆಲನೋಮ ಶ್ವಾಸಕೋಶಕ್ಕೆ ಹರಡುವುದು ಕಡಿಮೆಯಾಯಿತು. ಅದೇ ಇಲಿಗಳಲ್ಲಿ ಬೀಗವನ್ನು ತಯಾರಿಸುವ ಎನ್‌ಜೈಮನ್ನು ತೆಗೆದುಹಾಕಿದಾಗ ಆ ರಕ್ಷಣೆ ಇಲ್ಲವಾಯಿತು. ಒಂದನ್ನು ಸೇರಿಸಿ ನೋಡುವುದು, ಅದನ್ನೇ ತೆಗೆದು ನೋಡುವುದು ಎಂಬ ಈ ಇಬ್ಬಗೆಯ ಪರೀಕ್ಷೆಯೇ ಈ ಸಂಶೋಧನೆಯ ಬಲ. ಇಷ್ಟೇ ಅಲ್ಲದೆ, ಮೆಲನೋಮ ರೋಗಿಗಳ ಬಿಳಿಯ ರಕ್ತಕಣಗಳಲ್ಲಿ ಈ ಎನ್‌ಜೈಮು ಕಡಿಮೆಯಿದ್ದವರಿಗೆ ರೋಗದ ಗತಿ ಕೆಟ್ಟದಾಗಿರುವುದೆಂದೂ ಕಂಡುಬಂದಿತು.

ಇನ್ನು ಬೇಕಾದುದು ಬೀಗದ ಕೆಲಸವನ್ನು ಮಾಡಬಲ್ಲ ಒಂದು ಔಷಧ. ಹೊಸ ಔಷಧವೊಂದನ್ನು ಮೊದಲಿನಿಂದ ರಚಿಸಿ ಬಳಕೆಗೆ ತರಲು ಅನೇಕ ವರ್ಷಗಳೂ ಅಪಾರ ಹಣವೂ ಬೇಕು. ಆಗಲೇ ಬಳಕೆಯಲ್ಲಿದ್ದ ಔಷಧಗಳಲ್ಲಿಯೇ ಅಂಥದೊಂದು ದೊರೆತರೆ ದಾರಿ ಹತ್ತಿರವಾಗುವುದು. ಹೀಗೆ ಬೆಳಕಿಗೆ ಬಂದುದು ನಮ್ಮ ಸರ್ಪಗಂಧಿಯ ರಿಸರ್ಪೀನ್. ಅದು ಜೀವಕೋಶಗಳು ಮೆಲನೋಮದ ಚೀಲಗಳನ್ನು ಒಳಗೊಳ್ಳುವುದನ್ನು ತಗ್ಗಿಸಿತು. ಅದನ್ನು ಪಡೆದ ಇಲಿಗಳಲ್ಲಿ ರೋಗಕ್ಕೆ ನೆಲ ಹದವಾಗುವುದು ಕೆಟ್ಟಿತು. ಶ್ವಾಸಕೋಶಕ್ಕೆ ಹರಡುವುದೂ ಕಡಿಮೆಯಾಯಿತು. ಮೂಲ ಗಂತಿಯನ್ನು ಕರಗಿಸುವ ಔಷಧವೆಂದು ಸಂಶೋಧಕರು ಇದನ್ನು ಮುಂದಿಟ್ಟಿಲ್ಲ; ಮುಖ್ಯ ಚಿಕಿತ್ಸೆಯ ಜೊತೆಗೆ, ರೋಗ ಹರಡದಂತೆ ಕೊಡಬಹುದಾದ ಪೂರಕವಾಗಿ ಇದನ್ನು ಪರಿಶೀಲಿಸಬೇಕೆಂಬುದು ಅವರ ಸೂಚನೆ.

ನರದ ತುದಿಯಲ್ಲಿಯೂ ಚೀಲ, ಇಲ್ಲಿಯೂ ಚೀಲ ಎಂದು ವಾಚಕರು ಎರಡನ್ನೂ ಒಂದೇ ಎಂದು ಎಣಿಸಬಾರದು. ಅಲ್ಲಿಯದು ಜೀವಕೋಶದ ಒಳಗಿನ ಉಗ್ರಾಣ. ಇಲ್ಲಿಯದು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಹೋಗುವ ಪೊಟ್ಟಣ. ಅಲ್ಲಿ ರಿಸರ್ಪೀನ್ ತುಂಬುವುದನ್ನು ನಿಲ್ಲಿಸುತ್ತದೆ, ಇಲ್ಲಿ ಒಳಗೊಳ್ಳುವುದನ್ನು.

ಇಲಿಯ ಸಾಕ್ಷ್ಯ

ಇಷ್ಟನ್ನು ಕೇಳಿದ ನಮ್ಮ ನೆರೆಯವರ ಮುಖ ಅರಳಿತು. ಆದರೆ ಕಥೆಯ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನ್ಯಾಯವಾಗುತ್ತಿರಲಿಲ್ಲ. ಏಕೆಂದರೆ ಇದೇ ರಿಸರ್ಪೀನ್ ಒಮ್ಮೆ ಕ್ಯಾನ್ಸರನ್ನು ಉಂಟುಮಾಡುವುದೆಂಬ ಆರೋಪಕ್ಕೆ ಗುರಿಯಾಗಿತ್ತು.

1974ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಾಸ್ಟನ್, ಬ್ರಿಸ್ಟಲ್ ಮತ್ತು ಹೆಲ್ಸಿಂಕಿ ನಗರಗಳಿಂದ ಮೂರು ವರದಿಗಳು ಬಂದುವು. ರಿಸರ್ಪೀನ್ ಸೇವಿಸಿದ ಸ್ತ್ರೀಯರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚೆಂದು ಮೂರೂ ಹೇಳಿದುವು. ಗಾಬರಿ ಹಬ್ಬಿತು. ಮುಂದೆ ನಡೆದ ಹಲವು ಅಧ್ಯಯನಗಳಲ್ಲಿ ಈ ಸಂಬಂಧ ಅಷ್ಟಾಗಿ ಕಾಣಲಿಲ್ಲ. ಹಾರ್ವಿಟ್ಸ್ ಮತ್ತು ಫೈನ್‌ಸ್ಟೈನ್ ಎಂಬ ಅಮೆರಿಕದ ವೈದ್ಯರು 1985ರಲ್ಲಿ ತಪ್ಪಿನ ಬೇರನ್ನು ಎತ್ತಿ ತೋರಿಸಿದರು. ರೋಗಿಗಳೊಡನೆ ಹೋಲಿಸಲು ಆರಿಸಿದ ಗುಂಪಿನಿಂದ ಹೃದಯ ಮತ್ತು ರಕ್ತನಾಳಗಳ ಬೇನೆಯವರನ್ನು ಕೈಬಿಟ್ಟಿದ್ದುದೇ ಆ ತಪ್ಪು. ರಿಸರ್ಪೀನ್ ಸೇವಿಸುವವರು ಹೆಚ್ಚಾಗಿ ಅವರೇ ತಾನೆ? ಕಾಲೇಜಿನ ವಿದ್ಯಾರ್ಥಿಗಳಲ್ಲಿ ಕೊಡೆ ಇಟ್ಟುಕೊಂಡವರು ಊರಿನವರಿಗಿಂತ ಹೆಚ್ಚೇ ಎಂದು ಎಣಿಸಹೊರಟವನು, ಊರಿನವರಲ್ಲಿ ಮಲೆನಾಡಿನಿಂದ ಬಂದವರನ್ನೆಲ್ಲ ಬಿಟ್ಟು ಎಣಿಸಿದರೆ ಏನಾಗುವುದು? ವಿದ್ಯಾರ್ಥಿಗಳಿಗೂ ಕೊಡೆಗೂ ಇಲ್ಲದ ನಂಟೊಂದು ಲೆಕ್ಕದಲ್ಲಿ ಹುಟ್ಟಿಕೊಳ್ಳುವುದು. ಇಲ್ಲಿ ನಡೆದುದೂ ಇದೇ.

ಆದರೆ ಪ್ರಾಣಿಗಳ ಸಾಕ್ಷ್ಯ ಹೀಗೆ ಅಳಿಸಿಹೋಗಲಿಲ್ಲ. ಅಮೆರಿಕದ ಸರ್ಕಾರಿ ಪರೀಕ್ಷೆಯೊಂದರಲ್ಲಿ ಚಿಕ್ಕ ಇಲಿಗಳಿಗೂ ದೊಡ್ಡ ಇಲಿಗಳಿಗೂ ಎರಡು ವರ್ಷಗಳಷ್ಟು ಕಾಲ ಆಹಾರದಲ್ಲಿ ರಿಸರ್ಪೀನ್ ಬೆರೆಸಿ ಕೊಟ್ಟಾಗ, ಚಿಕ್ಕ ಹೆಣ್ಣಿಲಿಗಳಲ್ಲಿ ಸ್ತನದ ಕ್ಯಾನ್ಸರೂ, ದೊಡ್ಡ ಗಂಡಿಲಿಗಳಲ್ಲಿ ಅಡ್ರಿನಲ್ ಗ್ರಂಥಿಯ ಗಂತಿಗಳೂ ಹೆಚ್ಚಾದುವು. ಈ ಕಾರಣದಿಂದ ಅಮೆರಿಕದ ಸರ್ಕಾರಿ ಪಟ್ಟಿ ರಿಸರ್ಪೀನನ್ನು ಮನುಷ್ಯರಿಗೂ ಕ್ಯಾನ್ಸರ್ ತರಬಹುದೆಂದು ಶಂಕಿಸಬೇಕಾದ ವಸ್ತುಗಳ ಸಾಲಿನಲ್ಲಿ ಸೇರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದರೋ, ಮನುಷ್ಯರ ವಿಷಯದಲ್ಲಿ ಇತ್ಯರ್ಥ ಹೇಳಲು ಸಾಕ್ಷ್ಯ ಸಾಲದೆಂಬ ವರ್ಗದಲ್ಲಿ ಇಟ್ಟಿದೆ.

ಹೀಗೆ ಒಂದು ಕಡೆ ಇಲಿ ರಿಸರ್ಪೀನಿನ ವಿರುದ್ಧ ಸಾಕ್ಷ್ಯ ಹೇಳುತ್ತದೆ; ಇನ್ನೊಂದು ಕಡೆ ಅದರ ಪರವಾಗಿ ಹೇಳುತ್ತದೆ. ಎರಡೂ ಸುಳ್ಳಲ್ಲ. ಅಲ್ಲಿ ಜೀವಮಾನವೆಲ್ಲ ಕೊಟ್ಟುದು. ಇಲ್ಲಿ ಕೆಲವು ಕಾಲ ಕೊಟ್ಟುದು. ಅಲ್ಲಿ ನೋಡಿದುದು ಹೊಸ ಗಂತಿ ಹುಟ್ಟುವುದನ್ನು. ಇಲ್ಲಿ ನೋಡಿದುದು ಹುಟ್ಟಿದ ಗಂತಿ ಹರಡುವುದನ್ನು. ನಮಗೆ ಬೇಕಾದ ಸಾಕ್ಷ್ಯವನ್ನು ಹಿಡಿದು, ಬೇಡವಾದುದನ್ನು ‘ಅದು ಇಲಿಯ ಮಾತು’ ಎಂದು ತಳ್ಳಿಬಿಡುವುದು ಮಾತ್ರ ಸಲ್ಲದು. ಭಯವನ್ನು ತೂಗುವ ತಕ್ಕಡಿಯಲ್ಲಿಯೇ ಆಸೆಯನ್ನೂ ತೂಗಬೇಕು. ಮನುಷ್ಯರ ವಿಷಯದಲ್ಲಿ ಆ ತಕ್ಕಡಿ ಯಾವುದು? ರೋಗಿಗಳನ್ನು ಎರಡು ಗುಂಪು ಮಾಡಿ, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆಯ ಜೊತೆಗೆ ಔಷಧವನ್ನೂ ಇನ್ನೊಂದಕ್ಕೆ ವಾಡಿಕೆಯ ಚಿಕಿತ್ಸೆಯನ್ನಷ್ಟೇ ಕೊಟ್ಟು, ವರ್ಷಗಟ್ಟಲೆ ಕಾದು ಎಣಿಸುವುದು. 2019ರ ಲೇಖನ ಅಂಥ ಪರೀಕ್ಷೆಗೆ ಕಾರಣವನ್ನು ಒದಗಿಸಿತೇ ಹೊರತು, ಅದೇ ಆ ಪರೀಕ್ಷೆಯಲ್ಲ.

ನೆರೆಯವರಿಗೆ ಹೇಳಿದುದು

“ಹಾಗಾದರೆ ಪುಡಿ ಬೇಡವೆನ್ನುತ್ತೀರಾ?” ಎಂದು ಅವರು ಕೇಳಿದರು. ಬೇಡವೆಂದೇ ಹೇಳಿದೆವು, ಕಾರಣಗಳನ್ನೂ ಹೇಳಿದೆವು. ಬೇರಿನ ಪುಡಿ ಮತ್ತು ರಿಸರ್ಪೀನ್ ಒಂದೇ ಅಲ್ಲ. ಬೇರು ಬೆಳೆದ ನೆಲ, ಕಿತ್ತ ಕಾಲ, ಒಣಗಿಸಿದ ಬಗೆ ಇವುಗಳಿಗೆ ತಕ್ಕಂತೆ ಅದರಲ್ಲಿರುವ ಸಾರ ಹೆಚ್ಚುಕಡಮೆಯಾಗುವುದು. ರಿಸರ್ಪೀನ್ ಅಲ್ಲದೆ ಬೇರೆ ಆಲ್ಕಲಾಯ್ಡುಗಳೂ ಅದರಲ್ಲಿವೆ. ಅಜ್ಮಲೀನಂತೂ ಹೃದಯದ ಬಡಿತದ ಲಯವನ್ನೇ ಬದಲಿಸಬಲ್ಲುದು. ಆಗತಾನೆ ಶಸ್ತ್ರಚಿಕಿತ್ಸೆಯಾಗಿ ಬಳಲಿರುವ ಹಿರಿಯರಿಗೆ, ಬೇರೆ ಔಷಧಗಳು ನಡೆಯುತ್ತಿರುವಾಗ, ವೈದ್ಯರಿಗೆ ತಿಳಿಸದೆ ಇದನ್ನು ಕೊಟ್ಟರೆ ರಕ್ತದ ಒತ್ತಡ ಕುಸಿಯಬಹುದು, ಮನಸ್ಸು ಕುಗ್ಗಬಹುದು. ಅದಕ್ಕಿಂತ ದೊಡ್ಡ ಅಪಾಯ, ಪುಡಿಯನ್ನು ನಂಬಿ ಫಲ ಸಿದ್ಧವಾಗಿರುವ ಚಿಕಿತ್ಸೆಯನ್ನು ಬಿಡುವುದು. 2011ರಿಂದ ಈಚೆಗೆ ಮೆಲನೋಮಕ್ಕೆ, ದೇಹದ ರಕ್ಷಣಾಶಕ್ತಿಯ ಕಡಿವಾಣವನ್ನು ಸಡಿಲಿಸಿ ಅದೇ ಕ್ಯಾನ್ಸರಿನ ಮೇಲೆ ಬೀಳುವಂತೆ ಮಾಡುವ ಔಷಧಗಳು ಬಂದಿವೆ. ಈ ಮಾರ್ಗವನ್ನು ತೆರೆದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಸಂದಿತು. ಇವು ಮನುಷ್ಯರಲ್ಲಿಯೇ ಪರೀಕ್ಷೆಗೊಂಡವು.

“ಗಿಡದಿಂದ ಬಂದುದೆಂದು ನೀವು ಇದನ್ನು ಹಗುರವಾಗಿ ನೋಡುತ್ತೀರಿ ಮೇಷ್ಟ್ರೇ” ಎಂದು ಅವರು ಸ್ವಲ್ಪ ನೊಂದುಕೊಂಡೇ ಹೇಳಿದರು. ನಮ್ಮ ಮಾತು ಅದಕ್ಕೆ ವಿರುದ್ಧವಾದುದು. ಗಿಡವನ್ನು ಗೌರವಿಸುವುದರಿಂದಲೇ ಅದರ ಬಲಕ್ಕೆ ಅಂಜುತ್ತೇವೆ. ಸರ್ಪಗಂಧಿಯ ಕುಟುಂಬಕ್ಕೇ ಸೇರಿದ ಕಾಶಿಕಣಗಿಲೆಯನ್ನು ಸಿಹಿಮೂತ್ರದ ಮದ್ದೆಂದು ಪರೀಕ್ಷಿಸಹೋದ ಕೆನಡ ದೇಶದ ನೋಬಲ್ ಮತ್ತು ಬಿಯರ್ ಎಂಬವರಿಗೆ 1958ರ ವೇಳೆಗೆ ದೊರೆತುದು ಕ್ಯಾನ್ಸರಿನ ಔಷಧ. ಆ ಗುಂಪಿನ ಔಷಧಗಳಿಂದ ರಕ್ತದ ಕ್ಯಾನ್ಸರ್ ಬಂದ ಎಷ್ಟೋ ಮಕ್ಕಳು ಬದುಕಿವೆ. ಆದರೆ ಅವು ಬದುಕಿದುದು ಕಾಶಿಕಣಗಿಲೆಯ ಕಷಾಯದಿಂದಲ್ಲ. ಶುದ್ಧಗೊಳಿಸಿ, ಅಳೆದು, ಪರೀಕ್ಷಿಸಿ ಕೊಟ್ಟ ಔಷಧದಿಂದ. ಸರ್ಪಗಂಧಿಯ ಬೇರು ಐವತ್ತು ರೋಗಿಗಳ ಎಣಿಕೆಯಿಂದ ಜಗತ್ತಿಗೆ ಪರಿಚಯವಾದುದೂ ಇದೇ ರೀತಿಯಲ್ಲಲ್ಲವೆ? ಇನ್ನೊಂದು ಮಾತು: ಬೇರಿಗಾಗಿ ಗಿಡವನ್ನು ಬುಡಸಹಿತ ಕೀಳಬೇಕಾದುದರಿಂದ ಕಾಡಿನ ಸರ್ಪಗಂಧಿ ವಿರಳವಾಗಿದೆ. 1990ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವುಂಟು. ಒಂದು ಪತ್ರಿಕಾಸುದ್ದಿಯನ್ನು ನಂಬಿ ಜನ ಗುದ್ದಲಿ ಹಿಡಿದು ಹೊರಟರೆ ರೋಗಿಗಳಿಗೂ ಪ್ರಯೋಜನವಿಲ್ಲ, ಕಾಡಿಗೂ ಕೇಡು.

ಕೊನೆಗೆ ಅವರು ಪತ್ರಿಕೆಯ ತುಣುಕನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಅಣ್ಣನವರನ್ನು ನೋಡುತ್ತಿರುವ ವೈದ್ಯರಿಗೇ ಅದನ್ನು ತೋರಿಸುವುದಾಗಿ ಹೇಳಿದರು. ಅದೇ ಸರಿಯಾದ ದಾರಿಯೆಂದು ನಾವೂ ಹೇಳಿದೆವು. ವಾಚಕರಿಗೆ ನಮ್ಮ ಬಿನ್ನಹ ಇಷ್ಟೇ: ಅಂಗಾಲಿನಲ್ಲಿ, ಅಂಗೈಯಲ್ಲಿ ಹೊಸದಾಗಿ ಕಾಣಿಸಿಕೊಂಡ ಕಪ್ಪು ಮಚ್ಚೆಯಾಗಲಿ, ಉಗುರಿನ ಉದ್ದಕ್ಕೂ ಎದ್ದು ಅಗಲವಾಗುತ್ತಿರುವ ಕಪ್ಪು ಗೀಟಾಗಲಿ, ಮೈಮೇಲಿನ ಹಳೆಯ ಮಚ್ಚೆಯೊಂ­ದರ ಅಂಚು, ಬಣ್ಣ, ಗಾತ್ರ ಬದಲಾಗುವುದಾಗಲಿ ಕಂಡರೆ ಮುಳ್ಳಿನ ಕಲೆಯೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಅದರಲ್ಲಿ ಹೆಚ್ಚಿನವು ಏನೂ ಅಲ್ಲವೆಂದೇ ತಿಳಿದುಬರಬಹುದು. ಆದರೆ ಹರಡುವ ಮುನ್ನ ಸಿಕ್ಕ ಮೆಲನೋಮಕ್ಕೆ ಶಸ್ತ್ರವೈದ್ಯನ ಕತ್ತಿಯೇ ಬಹುಮಟ್ಟಿಗೆ ಸಾಕು. ಅಂಥವರಿಗೆ ಸರ್ಪಗಂಧಿಯ ಹೊಸ ಪರೀಕ್ಷೆಯ ಫಲಕ್ಕಾಗಿ ಕಾಯುವ ಅಗತ್ಯವೇ ಬೀಳದು.